ಹಣ್ಣೇ ಅಲ್ವಾ, ಒಂದು ಬಟ್ಟಲು ತಿಂದರೆ ಏನಾಗುತ್ತೆ?



ಡೊಂಬಿವಲಿ, ಕಲ್ಯಾಣ್, ಥಾಣೆ, ವಾಶಿ, ನೆರೂಲ್ ಎಲ್ಲೇ ಇರಲಿ, ನಮ್ಮವರ ಒಂದು ಸಮಾರಂಭವನ್ನು ನೆನಪಿಸಿಕೊಳ್ಳಿ. ಸೀಮಂತವೋ, ಮಗುವಿನ ಹುಟ್ಟುಹಬ್ಬವೋ, ಸತ್ಯನಾರಾಯಣ ಪೂಜೆಯೋ. ಹಾಲಿನಲ್ಲಿ ಊಟ ಮುಗಿಯುವ ಹೊತ್ತಿಗೆ ಒಂದು ದೊಡ್ಡ ಸ್ಟೀಲ್ ಪಾತ್ರೆ ಬರುತ್ತದೆ. ಒಳಗೆ ತಣ್ಣಗಿನ ಹಳದಿ ಕಸ್ಟರ್ಡ್, ಅದರಲ್ಲಿ ತೇಲುವ ಬಾಳೆಹಣ್ಣು, ದ್ರಾಕ್ಷಿ, ಸೇಬು, ದಾಳಿಂಬೆ. ಕೆಲವರು ಇದನ್ನೇ ಫ್ರೂಟ್ ಸಲಾಡ್ ಅನ್ನುತ್ತಾರೆ. ಮೂಲೆಯಲ್ಲಿ ಕುಳಿತ ಹಿರಿಯರೊಬ್ಬರು ಕೈ ಅಡ್ಡ ಹಿಡಿದು "ನಂಗೆ ಬೇಡಪ್ಪಾ, ಶುಗರ್ ಇದೆ" ಅನ್ನುತ್ತಾರೆ. ಬಡಿಸುವವರು ಒಪ್ಪುತ್ತಾರೆಯೇ? "ಅಯ್ಯೋ ಮಾವ, ಹಣ್ಣೇ ಅಲ್ವಾ! ಒಂದು ಬಟ್ಟಲು ತಿಂದರೆ ಏನಾಗುತ್ತೆ?"

ಪಕ್ಕದವರು ಒಗ್ಗರಣೆ ಹಾಕುತ್ತಾರೆ: "ಕಸ್ಟರ್ಡ್ ಬೇಡ ಅನ್ನೋದಕ್ಕೆ ಅಷ್ಟೊಂದು ಕಷ್ಟ ಪಡಬೇಡಿ, ತಿನ್ನಿ!" ಎಲ್ಲರೂ ನಗುತ್ತಾರೆ. ಹಿರಿಯರೂ ನಗುತ್ತಾರೆ. ಬಟ್ಟಲು ಕೈಗೆ ಬರುತ್ತದೆ.

ಇವತ್ತಿನ ಬರಹ ಆ ಬಟ್ಟಲಿನ ಬಗ್ಗೆ, ಮತ್ತು ಆ ನಗುವಿನ ಬಗ್ಗೆ.

ನಾನು ಡಾಕ್ಟರಲ್ಲ. ಡೊಂಬಿವಲಿ ಪೂರ್ವದಲ್ಲಿ 26 ವರ್ಷದಿಂದ ಒಂದು ಅಡುಗೆಮನೆ ನೋಡಿಕೊಂಡವಳು. ಅದರಲ್ಲಿ ಮೂರು ವರ್ಷ, ಪಾರ್ಶ್ವವಾಯು ಬಡಿದ ಮಾವನವರಿಗೆ ಚಮಚದಲ್ಲಿ ಉಣಿಸಿದವಳು. ಕಸ್ಟರ್ಡ್ ಒಬ್ಬರಿಗೆ ಹೇಗೆ ತೊಂದರೆಯಾಗುತ್ತದೆ, ಇನ್ನೊಬ್ಬರಿಗೆ ಹೇಗೆ ಜೀವ ಉಳಿಸುವ ತುತ್ತಾಗುತ್ತದೆ ಎಂಬುದನ್ನು ಒಂದೇ ಮನೆಯಲ್ಲಿ ನೋಡಿದ್ದೇನೆ. ಹಾಗಾಗಿ "ಕಸ್ಟರ್ಡ್ ವಿಷ, ಇವತ್ತೇ ಬಿಸಾಡಿ" ಎನ್ನುವ ಫಾರ್ವರ್ಡ್ ಇದಲ್ಲ. ಯಾರ ಬಟ್ಟಲಿಗೆ ಯಾವುದು ಎಂದು ಯೋಚಿಸೋಣ ಎನ್ನುವುದಷ್ಟೇ ನನ್ನ ಮಾತು.

*ಡಬ್ಬಿಯೊಳಗೆ ಇರುವುದು ಏನು?*

ಕಸ್ಟರ್ಡ್ ಎಂದರೆ ಮೂಲದಲ್ಲಿ ಹಾಲು ಮತ್ತು ಮೊಟ್ಟೆ. ಹದವಾದ ಉರಿಯಲ್ಲಿ ಮೊಟ್ಟೆಯ ಪ್ರೋಟೀನ್ ಗಟ್ಟಿಯಾಗಿ ಹಾಲನ್ನು ಹಿಡಿದುಕೊಳ್ಳುತ್ತದೆ. ಮುಂಬಯಿಯ ಪಾರ್ಸಿಗಳ ಮದುವೆಯೂಟದ 'ಲಗನ್ ನು ಕಸ್ಟರ್ಡ್' ಇವತ್ತಿಗೂ ಹಾಗೆಯೇ, ಮೊಟ್ಟೆ ಹಾಕಿ ಬೇಯಿಸಿದ್ದು. ಇರಾನಿ ಹೋಟೆಲಿನ ಕ್ಯಾರಮೆಲ್ ಕಸ್ಟರ್ಡ್ ಕೂಡ ಅದೇ ಜಾತಿ.

ನಮ್ಮ ಮನೆಗೆ ಬಂದಿರುವುದು ಅದಲ್ಲ. 1837ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಆಲ್ಫ್ರೆಡ್ ಬರ್ಡ್ ಎಂಬ ಔಷಧ ವ್ಯಾಪಾರಿಯ ಹೆಂಡತಿಗೆ ಮೊಟ್ಟೆ ತಿಂದರೆ ಆಗುತ್ತಿರಲಿಲ್ಲ. ಆಕೆಗಾಗಿ ಆತ ಮೊಟ್ಟೆಯಿಲ್ಲದ ಕಸ್ಟರ್ಡ್ ಪುಡಿ ಮಾಡಿದ. ಮೊಟ್ಟೆಯ ಬದಲು ಅದರಲ್ಲಿದ್ದದ್ದು ಕಾರ್ನ್‌ಫ್ಲೋರ್, ಅಂದರೆ ಮೆಕ್ಕೆಜೋಳದ ಪಿಷ್ಟ. ನಾವು ದಿನವೂ ಜೋತುಬಿದ್ದು ಹೋಗುವ ಈ ಲೈನಿನಲ್ಲಿ ಬೋರಿಬಂದರಿನಿಂದ ಥಾಣೆಗೆ ಮೊದಲ ರೈಲು ಓಡಿದ್ದು 1853ರಲ್ಲಿ. ಕಸ್ಟರ್ಡ್ ಪುಡಿ ನಮ್ಮ ರೈಲಿಗಿಂತ 16 ವರ್ಷ ದೊಡ್ಡದು!

ಹೆಂಡತಿಯ ಆರೋಗ್ಯಕ್ಕಾಗಿ ಹುಟ್ಟಿದ ಆ ಪುಡಿ ನಮ್ಮ ಸಸ್ಯಾಹಾರಿ ಮನೆಗಳಿಗೂ ಉಡುಪಿ ಹೋಟೆಲುಗಳಿಗೂ ಸಲೀಸಾಗಿ ಬಂತು. ಮೊಟ್ಟೆ ಇಲ್ಲ, ಹತ್ತು ನಿಮಿಷದ ಕೆಲಸ, ಐವತ್ತು ಜನ ಬಂದರೂ ಹಾಲು ಹಿಗ್ಗಿಸಬಹುದು. ಪಾಯಸಕ್ಕೆ ನಿಂತು ಕೈಯಾಡಿಸುವಷ್ಟು ಪುರುಸೊತ್ತು ಲೋಕಲ್ ಹಿಡಿದು ಆಫೀಸಿಗೆ ಹೋಗುವ ಹೆಂಗಸರಿಗೆ ಎಲ್ಲಿದೆ? ನಾನೂ ಮಾಡಿದವಳೇ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಆದರೆ ಡಬ್ಬಿಯನ್ನು ತಿರುಗಿಸಿ ಒಮ್ಮೆ ಓದಿ. ಸಾಮಾನ್ಯವಾಗಿ ಇರುವುದು ಇಷ್ಟೇ: ಮೆಕ್ಕೆಜೋಳದ ಪಿಷ್ಟ, ಸ್ವಲ್ಪ ಉಪ್ಪು, ಬಣ್ಣ, ವೆನಿಲಾ ಪರಿಮಳ. "ಕಸ್ಟರ್ಡಿನಲ್ಲಿ ಶಕ್ತಿ ಇದೆ, ಮಕ್ಕಳಿಗೆ ಕೊಡಿ" ಎನ್ನುವಾಗ ಆ ಶಕ್ತಿ ಬರುವುದು ಪುಡಿಯಿಂದಲ್ಲ, ನೀವು ಹಾಕಿದ ಹಾಲಿನಿಂದ. ಉಳಿದದ್ದು ಸಕ್ಕರೆ ಮತ್ತು ಪಿಷ್ಟ.

*ಒಂದು ಬಟ್ಟಲಿನ ಲೆಕ್ಕ*

ಮನೆಯಲ್ಲಿ ಮಾಡುವ ಅಳತೆ ತೆಗೆದುಕೊಳ್ಳೋಣ. ಅರ್ಧ ಲೀಟರ್ ಹಾಲು, ಎರಡು ದೊಡ್ಡ ಚಮಚ ಪುಡಿ, ನಾಲ್ಕು ದೊಡ್ಡ ಚಮಚ ಸಕ್ಕರೆ. ನಾಲ್ಕು ಬಟ್ಟಲು ಆಗುತ್ತದೆ. ಒಂದು ಬಟ್ಟಲಿಗೆ ಸಕ್ಕರೆ ಸುಮಾರು 12 ಗ್ರಾಂ, ಪಿಷ್ಟ 4 ಗ್ರಾಂ, ಹಾಲಿನಲ್ಲೇ ಇರುವ ಸಕ್ಕರೆ 6 ಗ್ರಾಂ. ಮೇಲೆ ಅರ್ಧ ಬಾಳೆಹಣ್ಣು, ಹತ್ತು ದ್ರಾಕ್ಷಿ ಸೇರಿದರೆ ಒಟ್ಟು ಕಾರ್ಬೋಹೈಡ್ರೇಟ್ 40 ಗ್ರಾಂ ಹತ್ತಿರ ಬರುತ್ತದೆ. ಅಂದರೆ ಎರಡು ಚಪಾತಿಯಷ್ಟು. ಅನ್ನ, ಪೂರಿ, ಹೋಳಿಗೆ ಎಲ್ಲಾ ಆದ ಮೇಲೆ ಇನ್ನೆರಡು ಚಪಾತಿ! ಪ್ರೋಟೀನ್ ಮಾತ್ರ ಹಾಲಿನದ್ದೇ 4 ಗ್ರಾಂ. ಸಮಾರಂಭದ ಕಸ್ಟರ್ಡಿಗೆ ಮಿಲ್ಕ್‌ಮೇಡ್, ಐಸ್‌ಕ್ರೀಮ್ ಸೇರಿದರೆ ಲೆಕ್ಕ ಇನ್ನೂ ಮೇಲೆ.

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ್ದು: ಮೇಲಿಂದ ಸೇರಿಸುವ ಸಕ್ಕರೆ ದಿನದ ಒಟ್ಟು ಕ್ಯಾಲೊರಿಯ ನೂರಕ್ಕೆ 10ಕ್ಕಿಂತ ಕಡಿಮೆ ಇರಲಿ, 5ಕ್ಕಿಂತ ಕಡಿಮೆ ಇದ್ದರೆ ಇನ್ನೂ ಒಳ್ಳೆಯದು. 2000 ಕ್ಯಾಲೊರಿ ಊಟ ಮಾಡುವವರಿಗೆ ಆ ಐದು ಅಂದರೆ ಸುಮಾರು 25 ಗ್ರಾಂ. ಒಂದು ಬಟ್ಟಲಿಗೇ ಅರ್ಧ ಮುಗಿಯಿತು. ಬೆಳಗಿನ ಚಹಾ, ಮಧ್ಯಾಹ್ನದ ಚಹಾ ಇನ್ನೂ ಲೆಕ್ಕಕ್ಕೆ ಬಂದಿಲ್ಲ.

ಆರೋಗ್ಯವಂತ ಯುವಕನಿಗೆ, ತಿಂಗಳಿಗೊಮ್ಮೆ, ಇದು ದೊಡ್ಡ ವಿಷಯವಲ್ಲ. ಆದರೆ ನಮ್ಮ ಪಂಕ್ತಿಯಲ್ಲಿ ಎಲ್ಲರೂ ಯುವಕರೇ? ಐಸಿಎಂಆರ್ ನೆರವಿನ ಇಂಡಿಯಾಬ್ ಅಧ್ಯಯನ 2023ರಲ್ಲಿ ಹೊರಬಂತು. ಅದರ ಅಂದಾಜಿನಂತೆ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು 10 ಕೋಟಿಗೂ ಹೆಚ್ಚು, ವಯಸ್ಕರಲ್ಲಿ ನೂರಕ್ಕೆ 11 ಮಂದಿ. ನೂರು ಜನರ ಒಂದು ಪಂಕ್ತಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಹನ್ನೊಂದು ಎಲೆಗಳ ಮುಂದೆ ನಾವು ಆ ತಮಾಷೆ ಮಾಡುತ್ತಿದ್ದೇವೆ.

*ತಮಾಷೆ ಯಾರಿಗೆ?*

ಕಸ್ಟರ್ಡ್ ಎಂಬ ಪದವೇ ನಮ್ಮ ಬಾಯಿಗೆ ಸಿಕ್ಕಿ ಆಟದ ಸಾಮಾನಾಗಿದೆ. ಗಂಟು ಕಟ್ಟಿದರೆ 'ಕಷ್ಟರ್ಡ್'. ಕಳ್ಳನನ್ನು ಪೊಲೀಸರು ಹಿಡಿದರೆ ಅಜ್ಜಿಯ ಬಾಯಲ್ಲಿ "ಅವನು ಈಗ ಪೊಲೀಸ್ ಕಸ್ಟರ್ಡಿಯಲ್ಲಿದ್ದಾನೆ". ಅಂಗಡಿಯಲ್ಲಿ ಮಸ್ಟರ್ಡ್ ಕೇಳಿದರೆ ಕಸ್ಟರ್ಡ್ ಕೊಟ್ಟ, ಒಗ್ಗರಣೆ ಏನಾಯಿತೋ ಕೇಳಬೇಡಿ ಎಂಬ ಕತೆ ನಮ್ಮ ಬಿಲ್ಡಿಂಗಿನಲ್ಲೇ ಮೂರು ಮನೆಯವರು ತಮ್ಮದೆಂದು ಹೇಳುತ್ತಾರೆ. ಪರವೂರಿನಲ್ಲಿ ಕನ್ನಡ ಹೀಗೆ ನಗುತ್ತಾ ಬದುಕುವುದೇ ಒಂದು ಸುಖ. ಹಿಂದಿ, ಮರಾಠಿ, ತುಳು, ಕೊಂಕಣಿ ಎಲ್ಲದರ ನಡುವೆ ಬೆಳೆದ ನಮ್ಮ ಮಕ್ಕಳಿಗೆ ಕನ್ನಡದ ಶ್ಲೇಷೆ ಅರ್ಥವಾಗಿ ನಕ್ಕರೆ ನನಗಂತೂ ಹೊಟ್ಟೆ ತುಂಬುತ್ತದೆ.

ಆದರೆ ಎರಡು ಬಗೆಯ ತಮಾಷೆ ಇದೆ. ಒಂದು ಪದದ ಮೇಲೆ. ಇನ್ನೊಂದು ಬೇಡ ಅಂದವರ ಮೇಲೆ. "ನೀವೇ ಸಕ್ಕರೆಯಂಥ ಮನುಷ್ಯ, ನಿಮಗೆ ಸಕ್ಕರೆ ಏನು ಮಾಡುತ್ತೆ?" "ಒಂದು ಮಾತ್ರೆ ಜಾಸ್ತಿ ತಗೊಂಡರಾಯ್ತು!" "ಡಾಕ್ಟರಿಗೂ ಬದುಕಬೇಕಲ್ಲ!" ಇವನ್ನು ಕೇಳಿದಾಗ ಬೇಡ ಅಂದವರಿಗೆ ಎರಡೇ ದಾರಿ. ತಿನ್ನುವುದು, ಇಲ್ಲವೇ ಹತ್ತು ಜನರ ಮುಂದೆ ತನ್ನ ಕಾಯಿಲೆಯ ಪುರಾಣ ಬಿಚ್ಚುವುದು. ಹೆಚ್ಚಿನವರು ತಿನ್ನುತ್ತಾರೆ. ಮರುದಿನ ಬೆಳಿಗ್ಗೆ ಮೀಟರಿನಲ್ಲಿ ಬಂದ ಸಂಖ್ಯೆ ನೋಡಿ ಮನೆಯಲ್ಲಿ ಬೈಸಿಕೊಳ್ಳುವವರೂ ಅವರೇ.

ಮಾತ್ರೆಯ ತಮಾಷೆಗೆ ಒಂದು ಉತ್ತರ. ತಿಂದದ್ದಕ್ಕೆ ಸರಿಹೊಂದಿಸಲು ತಾನೇ ಮಾತ್ರೆ ಹೆಚ್ಚಿಸಿಕೊಳ್ಳುವುದು ಅಪಾಯ. ಸಕ್ಕರೆ ಅಂಶ ತೀರಾ ಕೆಳಗಿಳಿದು ಬೆವರು, ನಡುಕ, ಪ್ರಜ್ಞೆ ತಪ್ಪುವುದು ಆಗಬಹುದು. ಹಾಗೆ ಇಳಿದಾಗಲೂ "ಸಿಹಿ ಅಲ್ವಾ" ಎಂದು ಕಸ್ಟರ್ಡ್ ಕೊಡಬೇಡಿ. ಹಾಲಿನ ಕೊಬ್ಬು ಸಕ್ಕರೆ ರಕ್ತಕ್ಕೆ ಸೇರುವುದನ್ನು ನಿಧಾನ ಮಾಡುತ್ತದೆ. ಎಚ್ಚರವಿದ್ದು ನುಂಗಬಲ್ಲವರಾದರೆ ಗ್ಲೂಕೋಸ್ ಅಥವಾ ಮೂರು ಚಿಕ್ಕ ಚಮಚ ಸಕ್ಕರೆ ಕದಡಿದ ನೀರು ಕೊಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ಏನೂ ಹಾಕಬೇಡಿ, ಆಸ್ಪತ್ರೆಗೆ ಓಡಿ.

*ಅದೇ ಕಸ್ಟರ್ಡ್, ಹಾಸಿಗೆಯ ಪಕ್ಕದಲ್ಲಿ*

ಈಗ ಮಾವನವರ ವಿಷಯ. ಎಪ್ಪತ್ತೊಂದನೇ ವಯಸ್ಸಿನಲ್ಲಿ ಪಾರ್ಶ್ವವಾಯು ಆಯಿತು. ಬಲಗೈ ಹೋಯಿತು, ಮಾತು ತೊದಲಿತು. ಅದಕ್ಕಿಂತ ದೊಡ್ಡ ತೊಂದರೆ ನಮಗೆ ಮೊದಲು ಗೊತ್ತೇ ಆಗಲಿಲ್ಲ. ನೀರು ಕುಡಿದರೆ ಕೆಮ್ಮು. ಗಂಟಲಿನ ಸ್ನಾಯು ಸೋತಾಗ ನೀರಿನಂಥ ತೆಳು ಪದಾರ್ಥ ಅನ್ನನಾಳಕ್ಕೆ ಹೋಗುವ ಬದಲು ಶ್ವಾಸನಾಳಕ್ಕೆ ಜಾರುತ್ತದೆ. ಅದು ಶ್ವಾಸಕೋಶ ಸೇರಿದರೆ ನ್ಯುಮೋನಿಯಾ.

ನುಂಗುವುದನ್ನು ಪರೀಕ್ಷಿಸಿದ ಥೆರಪಿಸ್ಟ್ ನಮಗೆ ಹೇಳಿದ ಮೊದಲ ಮಾತು: "ನೀರು, ಚಹಾ ಹಾಗೇ ಕೊಡಬೇಡಿ. ಕಸ್ಟರ್ಡಿನ ಹದಕ್ಕೆ ತನ್ನಿ." ನನಗೆ ಆಶ್ಚರ್ಯ. ವೈದ್ಯಕೀಯದಲ್ಲೂ ಕಸ್ಟರ್ಡ್ ಒಂದು ಅಳತೆ! ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಮಂದ ಮಾಡಿದ ಪಾನೀಯಕ್ಕೆ ಹಿಂದೆ ಮೂರು ಹದ ಹೇಳುತ್ತಿದ್ದರು: ಸಿರಪ್ಪಿನ ಹದ, ಕಸ್ಟರ್ಡಿನ ಹದ, ಪುಡ್ಡಿಂಗಿನ ಹದ. ಈಗ ಲೋಕದ ಹಲವು ದೇಶಗಳಲ್ಲಿ 0ಯಿಂದ 7ರವರೆಗೆ ಅಂಕಿ ಹಾಕಿದ ಮಟ್ಟಗಳಿವೆ. ಹೆಸರು ಏನಾದರಿರಲಿ, ಅರ್ಥ ಒಂದೇ. ಮಂದವಾದದ್ದು ನಿಧಾನವಾಗಿ ಇಳಿಯುತ್ತದೆ, ಸೋತ ಗಂಟಲಿಗೆ ಬಾಗಿಲು ಮುಚ್ಚಿಕೊಳ್ಳಲು ಸಮಯ ಕೊಡುತ್ತದೆ.

ಒಂದು ಸಂಜೆ ಅತ್ತೆ "ಏನಾದ್ರೂ ಬೇಕಾ?" ಎಂದು ಕೇಳಿದರು. ಮಾವನವರು ಬಹಳ ಪ್ರಯತ್ನಪಟ್ಟು "ಕಷ್ಟ..." ಅಂದರು. ಅತ್ತೆಯ ಕಣ್ಣಲ್ಲಿ ನೀರು. "ಕಷ್ಟ ಆಗ್ತಿದೆಯಂತೆ" ಎಂದು ನನ್ನನ್ನು ಕರೆದರು. ಮಾವನವರು ಎಡಗೈ ಆಡಿಸಿ ಇಲ್ಲ ಇಲ್ಲ ಎಂದು ಮತ್ತೆ "ಕಷ್ಟ... ಡು" ಅಂದರು. ಬೇಕಾಗಿದ್ದದ್ದು ಕಸ್ಟರ್ಡ್! ಆ ದಿನ ನಾವು ಮೂವರೂ ನಕ್ಕಿದ್ದು ತಿಂಗಳುಗಳ ನಂತರ ಆ ಮನೆಯಲ್ಲಿ ಕೇಳಿದ ಮೊದಲ ನಗು.

ಎರಡನೇ ಘಟನೆಯಲ್ಲಿ ನಗು ಇಲ್ಲ. ನಾನು ಮಾರ್ಕೆಟಿಗೆ ಹೋಗಿದ್ದಾಗ ಪರಿಚಯದವರೊಬ್ಬರು ನೋಡಲು ಬಂದರು, ಪ್ರೀತಿಯಿಂದ ಫ್ರೂಟ್ ಕಸ್ಟರ್ಡ್ ತಂದರು. ಮಾವನವರಿಗೆ ಕಸ್ಟರ್ಡ್ ಕೊಡುತ್ತೇವೆ ಎಂಬುದು ಅವರಿಗೆ ಗೊತ್ತಿತ್ತು. ಅದರಲ್ಲಿ ಇಡೀ ದ್ರಾಕ್ಷಿ ಇರಬಾರದು ಎಂಬುದು ಗೊತ್ತಿರಲಿಲ್ಲ. ಎರಡನೇ ಚಮಚಕ್ಕೆ ಉಸಿರು ಕಟ್ಟಿತು. ಬೆನ್ನು ತಟ್ಟಿ ದ್ರಾಕ್ಷಿ ಹೊರಬಂತು, ಆದರೆ ಅಷ್ಟರಲ್ಲಿ ಒಂದಿಷ್ಟು ಒಳಗೂ ಹೋಗಿತ್ತು. ಎರಡು ದಿನಕ್ಕೆ ಜ್ವರ, ನ್ಯುಮೋನಿಯಾ, ಒಂಬತ್ತು ದಿನ ಆಸ್ಪತ್ರೆ. ತಂದವರ ತಪ್ಪು ಅನ್ನಲಾರೆ. ಹೇಳದೇ ಇದ್ದದ್ದು ನಮ್ಮ ತಪ್ಪು. ಅಡುಗೆಮನೆಯ ಗೋಡೆಗೆ ಒಂದು ಚೀಟಿ ಅಂಟಿಸಿದ್ದರೆ ಸಾಕಿತ್ತು.

ನಿಮ್ಮ ಮನೆಯಲ್ಲಿ ಅಂಥವರಿದ್ದರೆ, ಇಷ್ಟು ನೆನಪಿಡಿ:

• ಹಣ್ಣಿನ ತುಂಡು, ದ್ರಾಕ್ಷಿ, ದಾಳಿಂಬೆ ಕಾಳು, ಗೋಡಂಬಿ, ಮೇಲೆ ಕಟ್ಟಿದ ಕೆನೆ ಯಾವುದೂ ಬೇಡ. ಗಂಟಿಲ್ಲದ ನುಣುಪು ಕಸ್ಟರ್ಡ್ ಮಾತ್ರ.

• ನೇರವಾಗಿ ಕೂರಿಸಿ. ಚಿಕ್ಕ ಚಮಚ. ಬಾಯಿ ಖಾಲಿಯಾದ ಮೇಲೆ ಮುಂದಿನದು. ಉಂಡ ಮೇಲೆ ಅರ್ಧ ಗಂಟೆ ಮಲಗಿಸಬೇಡಿ.

• ತಿನ್ನಿಸುವಾಗ ಮಾತಾಡಿಸಬೇಡಿ, ನಗಿಸಬೇಡಿ. ತಮಾಷೆ ಊಟವಾದ ಮೇಲೆ ಇರಲಿ.

• ಅವರು ಚೀಪಿದ ಚಮಚವನ್ನು ದೊಡ್ಡ ಪಾತ್ರೆಗೆ ಅದ್ದಬೇಡಿ. ಮಡಿಮೈಲಿಗೆಯ ಮಾತಲ್ಲ ಇದು. ಎಂಜಲಿನಲ್ಲಿರುವ ಕಿಣ್ವ ಪಿಷ್ಟವನ್ನು ಒಡೆಯುತ್ತದೆ, ಗಟ್ಟಿಯಾಗಿದ್ದ ಕಸ್ಟರ್ಡ್ ಸ್ವಲ್ಪ ಹೊತ್ತಿಗೆ ನೀರಾಗುತ್ತದೆ. ಮಕ್ಕಳು ತಿಂದು ಬಿಟ್ಟ ಬಟ್ಟಲಲ್ಲಿ ನೀರು ನಿಲ್ಲುವುದಕ್ಕೂ ಇದು ಒಂದು ಕಾರಣ. ಆರೋಗ್ಯವಂತರಿಗೆ ಏನೂ ಆಗದು, ನುಂಗಲಾಗದವರಿಗೆ ಅದೇ ನೀರು ಅಪಾಯ.

• ಯಾವ ಹದ ಎಂಬುದನ್ನು ನೀವೇ ತೀರ್ಮಾನಿಸಬೇಡಿ. ಆಸ್ಪತ್ರೆಯಲ್ಲಿ ನುಂಗುವಿಕೆಯ ಥೆರಪಿಸ್ಟ್ ಇದ್ದಾರೆಯೇ ಎಂದು ಕೇಳಿ. ಹೆಚ್ಚಿನ ಕಡೆ ವಾಕ್ ಚಿಕಿತ್ಸಕರೇ ಇದನ್ನು ನೋಡುತ್ತಾರೆ. ಊರಿನಲ್ಲಿರುವ ತಂದೆತಾಯಿಗೆ ಬೇಕಾದರೆ, ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಂಥ ಕೆಲಸಕ್ಕೆ ಹೆಸರಾದದ್ದು.

ಶುಗರ್ ಇದ್ದು ನುಂಗಲೂ ಆಗದವರಿದ್ದರೆ? ನಮ್ಮ ಮಾವನವರಿಗೆ ಎರಡೂ ಇತ್ತು. ಸಕ್ಕರೆ ಹಾಕದೆ ಏಲಕ್ಕಿ ಹಾಕಿ ಮಾಡುತ್ತಿದ್ದೆ. ಸಿಹಿಯಾಗಿಯೇ ಇರಬೇಕೆಂದೂ ಇಲ್ಲ. ಬೇಯಿಸಿ ನುಣ್ಣಗೆ ಅರೆದು ಸೋಸಿದ ಬೇಳೆ, ಗಟ್ಟಿ ರಾಗಿ ಗಂಜಿ, ಕಡೆದ ಮೊಸರು ಇವನ್ನೂ ಅದೇ ಹದಕ್ಕೆ ತರಬಹುದು. ದಿನಕ್ಕೆ ಮೂರು ಹೊತ್ತು ಕಸ್ಟರ್ಡ್ ಮಾತ್ರ ಕೊಟ್ಟರೆ ರೋಗಿ ಸೊರಗುತ್ತಾರೆ. ಹದವನ್ನು ಕಸ್ಟರ್ಡಿನಿಂದ ಕಲಿಯಿರಿ, ಊಟವನ್ನು ನಮ್ಮ ಅಡುಗೆಯಿಂದ ಮಾಡಿ.

*ನಮ್ಮಲ್ಲೂ ಇತ್ತಲ್ಲ!*

"ಈ ಪರದೇಶದ ಪುಡಿ ಯಾಕೆ, ನಮ್ಮದೇ ಇಲ್ಲವೇ?" ಎಂದು ಕೇಳುವವರಿದ್ದಾರೆ. ಇದೆ. ಕರುಹಾಕಿದ ಹಸುವಿನ ಮೊದಲ ದಿನಗಳ ಹಾಲಿನಲ್ಲಿ ಪ್ರೋಟೀನ್ ಬಹಳ. ಕಾಯಿಸಿದರೆ ತಾನೇ ಗಟ್ಟಿಯಾಗುತ್ತದೆ. ಅದೇ ನಮ್ಮ ಗಿಣ್ಣು, ಉತ್ತರ ಕರ್ನಾಟಕದವರಿಗೆ ಗಿಣ್ಣ. ಇಲ್ಲಿ ಡೇರಿಯಲ್ಲಿ ಮರಾಠಿಯವರು 'ಖರವಸ್' ಎಂದು ಮಾರುವುದು ಅದನ್ನೇ. ಮೊಟ್ಟೆಯ ಕಸ್ಟರ್ಡಿಗೆ ಹತ್ತಿರದ ನಂಟ ಇದು, ಗಟ್ಟಿಯಾಗುವುದು ಪ್ರೋಟೀನಿನಿಂದ. ಕೊಳ್ಳುವಾಗ ಕೇಳಿ: ನಿಜವಾದ ಗಿಣ್ಣುಹಾಲಿನದ್ದೋ, ಚೀನಾ ಗ್ರಾಸ್ ಹಾಕಿ ಹೆಪ್ಪುಗಟ್ಟಿಸಿದ್ದೋ? ಇನ್ನು ರಾಗಿ ಮಣ್ಣಿ, ಅಕ್ಕಿಯ ಹಾಲುಬಾಯಿ. ಅವು ಪುಡಿ ಕಸ್ಟರ್ಡಿನ ಕಡೆಯ ನಂಟರು, ಗಟ್ಟಿಯಾಗುವುದು ಪಿಷ್ಟದಿಂದ.

ಆದರೆ ಒಂದು ಮಾತು ನೇರವಾಗಿ ಹೇಳಬೇಕು. "ನಮ್ಮ ಊರಿನದ್ದು, ಬೆಲ್ಲದ್ದು, ಹಾಗಾಗಿ ಶುಗರಿಗೆ ಒಳ್ಳೆಯದು" ಎನ್ನುವುದು ಸುಳ್ಳು. ಹಾಲುಬಾಯಿಯ ಬೆಲ್ಲ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ರಾಗಿಯಲ್ಲಿ ಸುಣ್ಣದ ಅಂಶ, ನಾರಿನ ಅಂಶ ಕಾರ್ನ್‌ಫ್ಲೋರಿಗಿಂತ ಎಷ್ಟೋ ಹೆಚ್ಚು, ನಿಜ. ಆದರೆ ಮಣ್ಣಿಯಲ್ಲಿ ರಾಗಿಯ ಹಾಲು ಸೋಸಿ ಸಿಪ್ಪೆ ಎಸೆದರೆ ಆ ನಾರೂ ಬಹಳಷ್ಟು ಹೋಯಿತು. ಊರಿನ ಮೇಲಿನ ಪ್ರೀತಿ ಬೇರೆ, ಮೀಟರಿನ ಸಂಖ್ಯೆ ಬೇರೆ.

ಸೀತಾಫಲದ ವಿಷಯವೂ ಇದೇ. ಇಂಗ್ಲಿಷಿನಲ್ಲಿ ಕಸ್ಟರ್ಡ್ ಆಪಲ್ ಅಂದಾಕ್ಷಣ ಮಕ್ಕಳು "ಇದರಿಂದ ಕಸ್ಟರ್ಡ್ ಮಾಡ್ತಾರಾ?" ಅನ್ನುತ್ತಾರೆ. ತಿರುಳು ಕಸ್ಟರ್ಡಿನಂತೆ ಇರುವುದಕ್ಕೆ ಆ ಹೆಸರು, ಅಷ್ಟೇ. ಬೀಡ್ ಜಿಲ್ಲೆಯ ಸೀತಾಫಲಕ್ಕೆ 2016ರಲ್ಲಿ ಜಿಐ ಗುರುತೂ ಸಿಕ್ಕಿದೆ. ಮಂಗಳೂರು ಕಡೆಯ ಹಣ್ಣಿನ ವ್ಯಾಪಾರಿಯ ಮಗ ರಘುನಂದನ ಕಾಮತರು 1984ರಲ್ಲಿ ಜುಹುವಿನಲ್ಲಿ ನ್ಯಾಚುರಲ್ಸ್ ಶುರು ಮಾಡಿ ಇದೇ ಹಣ್ಣನ್ನು ಐಸ್‌ಕ್ರೀಮಾಗಿ ಮುಂಬಯಿಗೆ ತಿನ್ನಿಸಿದರು. ನಮ್ಮವರ ಹೆಮ್ಮೆ ಅದು. ಹಣ್ಣೂ ಒಳ್ಳೆಯದೇ, ನಾರಿದೆ, ಸಿ ಜೀವಸತ್ವವಿದೆ. ಸಿಹಿಯೂ ಬಹಳ ಇದೆ. ಶುಗರ್ ಇದ್ದವರು ಅರ್ಧ ಹಣ್ಣಿಗೆ ನಿಲ್ಲಿಸಿ, ಊಟದ ಬೆನ್ನಿಗೇ ತಿನ್ನಬೇಡಿ. ಬೀಜ ಜಗಿಯಬೇಡಿ. ಹೇನಿಗೆ ಎಂದು ಬೀಜದ ಪುಡಿ ತಲೆಗೆ ಹಚ್ಚುವ ಹಳೆಯ ಔಷಧ ಬಿಟ್ಟುಬಿಡಿ, ಕಣ್ಣಿಗೆ ಇಳಿದರೆ ಕಣ್ಣಿನ ಪಾಪೆಗೇ ಗಾಯವಾಗುತ್ತದೆ.

*ಹಳದಿ ಬಣ್ಣ*

ಡಬ್ಬಿಯ ಮೇಲೆ 102, 110 ಎಂಬ ಸಂಖ್ಯೆ ಕಂಡರೆ ಅವು ಟಾರ್ಟ್ರಾಜಿನ್, ಸನ್‌ಸೆಟ್ ಯೆಲ್ಲೋ ಎಂಬ ಕೃತಕ ಬಣ್ಣಗಳು. ಮಿತಿಯಲ್ಲಿ ಬಳಸಲು ನಮ್ಮ ದೇಶದಲ್ಲಿ ಅನುಮತಿ ಇದೆ. 2007ರಲ್ಲಿ ಬ್ರಿಟನ್ನಿನ ಸೌತಾಂಪ್ಟನ್ ವಿಶ್ವವಿದ್ಯಾಲಯದವರು, ಕೆಲವು ಬಣ್ಣಗಳ ಮಿಶ್ರಣ ಕುಡಿದ ಕೆಲ ಮಕ್ಕಳಲ್ಲಿ ಚಂಚಲತೆ ಹೆಚ್ಚಿದ್ದನ್ನು ಕಂಡರು. 2010ರಿಂದ ಯುರೋಪಿನಲ್ಲಿ ಇಂಥ ಬಣ್ಣ ಹಾಕಿದ ಡಬ್ಬಿಯ ಮೇಲೆ ಎಚ್ಚರಿಕೆಯ ಸಾಲು ಬರೆಯಬೇಕು. ಇದರರ್ಥ ಒಂದು ಬಟ್ಟಲಿಗೆ ಮಗು ಹಾಳಾಯಿತು ಎಂದಲ್ಲ. ದಿನವೂ ಬಣ್ಣದ ತಿಂಡಿ, ಬಣ್ಣದ ಜ್ಯೂಸು, ಮೇಲೆ ಕಸ್ಟರ್ಡ್ ಆದರೆ ಯೋಚಿಸಿ ಎಂದರ್ಥ. ಸುಲಭ ದಾರಿ: ಬರೀ ಕಾರ್ನ್‌ಫ್ಲೋರ್, ಏಲಕ್ಕಿ, ಎರಡು ಎಳೆ ಕೇಸರಿ ಅಥವಾ ಚಿಟಿಕೆಯ ತುದಿಯಷ್ಟು ಅರಿಶಿನ. ಪುಡಿಯ ಡಬ್ಬಿಯೇ ಬೇಡ. ಎರಡು ವರ್ಷದೊಳಗಿನ ಮಗುವಿಗಂತೂ ಸಕ್ಕರೆ ಹಾಕಿದ ಯಾವುದೂ ಬೇಡ. ಮಾಗಿದ ಬಾಳೆಹಣ್ಣು ಹಿಸುಕಿದರೆ ಅದೇ ಅದರ ಕಸ್ಟರ್ಡ್.

ಅಡುಗೆಯವರಿಗೆ ಎರಡು ಮಾತು. ಹಸಿ ಅನಾನಸ್ ಹಾಕಿದ ಕಸ್ಟರ್ಡ್ ಕಹಿಯಾಗುತ್ತದೆ, ಅದರ ಕಿಣ್ವ ಹಾಲಿನ ಪ್ರೋಟೀನನ್ನು ಒಡೆಯುತ್ತದೆ. ಹಾಕಲೇಬೇಕಾದರೆ ಬೇಯಿಸಿ ಹಾಕಿ. ಇನ್ನೊಂದು, ಮೇ ತಿಂಗಳ ಸೆಕೆಯಲ್ಲಿ ಹಾಲಿನ ಕಸ್ಟರ್ಡ್ ಫ್ರಿಜ್ಜಿನ ಹೊರಗೆ ಒಂದು ಗಂಟೆಗಿಂತ ಹೆಚ್ಚು ಇರಬಾರದು. ಬೆಳಿಗ್ಗೆ ಮಾಡಿ ಟೆಂಪೋದಲ್ಲಿ ತಂದು ಮಧ್ಯಾಹ್ನ ಎರಡಕ್ಕೆ ಬಡಿಸಿದರೆ ಹೊಟ್ಟೆ ಕೆಟ್ಟವರು ಕಸ್ಟರ್ಡನ್ನು ಬೈಯುತ್ತಾರೆ. ತಪ್ಪು ಗಡಿಯಾರದ್ದು.

*ಹಾಗಾದರೆ ಮಾಡಬೇಕಾದದ್ದು ಏನು?*

"ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ" ಎಂದು ನಮ್ಮ ಹಿರಿಯರು ಎರಡನ್ನೂ ಒಂದೇ ಗಾದೆಯಲ್ಲಿ ಇಟ್ಟರು. ಕಸ್ಟರ್ಡಿನ ವಿಷಯದಲ್ಲಿ ನಾವು ಎರಡೂ ಕಲಿಯಬೇಕು. ನಿಮ್ಮ ಮನೆಯ ಮುಂದಿನ ಸಮಾರಂಭಕ್ಕೆ, ನಿಮ್ಮ ಸಂಘದ ಮುಂದಿನ ಕಾರ್ಯಕ್ರಮಕ್ಕೆ ನನ್ನ ವಿನಂತಿ ಇಷ್ಟೇ.

ಹಣ್ಣು ಬೇರೆ ಇಡಿ, ಕಸ್ಟರ್ಡ್ ಬೇರೆ ಇಡಿ. ಬೇಕಾದವರು ಮೇಲೆ ಸುರಿದುಕೊಳ್ಳಲಿ. ಬಟ್ಟಲು ಚಿಕ್ಕದಿರಲಿ, ಬೇಕಾದವರು ಎರಡನೇ ಸಲ ಕೇಳಲಿ. ಸಕ್ಕರೆ ಈಗ ಹಾಕುವುದರ ಅರ್ಧಕ್ಕೆ ಇಳಿಸಿ ನೋಡಿ, ಹಣ್ಣಿನ ಸಿಹಿ ಸಾಕಾಗುತ್ತದೆ. ನಾನು ಇಳಿಸಿ ಎಂಟು ವರ್ಷವಾಯಿತು, ಇದುವರೆಗೆ ಒಬ್ಬರೂ ಗುರುತಿಸಿಲ್ಲ.

ಕೊನೆಯದು ಎಲ್ಲಕ್ಕಿಂತ ಮುಖ್ಯ. ಒಬ್ಬರು "ಬೇಡ" ಅಂದರೆ ಒಂದೇ ಸಲಕ್ಕೆ ಒಪ್ಪಿಕೊಳ್ಳಿ. ಕಾರಣ ಕೇಳಬೇಡಿ. "ಮಜ್ಜಿಗೆ ತರಲೇ ಮಾವ?" ಎಂದು ಕೇಳಿ ಸೌಟು ಮುಂದಕ್ಕೆ ಒಯ್ಯಿರಿ. ನಮ್ಮ ಕಡೆ ಒತ್ತಾಯ ಮಾಡಿ ಬಡಿಸುವುದೇ ಮರ್ಯಾದೆ, ಗೊತ್ತಿದೆ. ಹಸಿವು ಹೆಚ್ಚಿದ್ದು ಅನ್ನ ಕಡಿಮೆ ಇದ್ದ ಕಾಲದಲ್ಲಿ ನಾಚಿಕೆಯಿಂದ ಯಾರೂ ಅರೆಹೊಟ್ಟೆಯಲ್ಲಿ ಏಳಬಾರದು ಎಂದು ಹುಟ್ಟಿದ ಮರ್ಯಾದೆ ಅದು. ಇವತ್ತು ನಮ್ಮ ಪಂಕ್ತಿಯಲ್ಲಿ ನಾಚಿಕೆಯಿಂದ ತಿನ್ನದವರಿಗಿಂತ ನಾಚಿಕೆಯಿಂದ ತಿನ್ನುವವರೇ ಹೆಚ್ಚು. ಮರ್ಯಾದೆಯ ರೂಪ ಬದಲಾಗಲಿ.

ಮಾವನವರು ಹೋಗಿ ನಾಲ್ಕು ವರ್ಷ. ಅವರ ತಿಥಿಯ ದಿನ ಎಡೆಗೆ ಪಾಯಸ, ವಡೆ ಎಲ್ಲಾ ಇಟ್ಟ ಮೇಲೆ ಅತ್ತೆ ಪಕ್ಕದಲ್ಲಿ ಒಂದು ಪುಟ್ಟ ಬಟ್ಟಲೂ ಇಡುತ್ತಾರೆ. ಗಂಟಿಲ್ಲದ್ದು, ಹಣ್ಣು ಹಾಕದ್ದು, ಸಕ್ಕರೆಯಿಲ್ಲದ್ದು. ಶಾಸ್ತ್ರದಲ್ಲಿ ಇದೆಯೋ ಇಲ್ಲವೋ ಎಂದು ಪುರೋಹಿತರು ಇದುವರೆಗೆ ಕೇಳಿಲ್ಲ.

ಈ ಬರಹ ವೈದ್ಯರ ಸಲಹೆಗೆ ಬದಲಿಯಲ್ಲ. ನಿಮ್ಮ ಮನೆಯಲ್ಲಿ ಶುಗರ್ ಇರುವವರು, ನುಂಗಲು ತೊಂದರೆ ಇರುವವರು ಇದ್ದರೆ ಅವರ ವೈದ್ಯರನ್ನು ಕೇಳಿಯೇ ಆಹಾರ ಬದಲಿಸಿ. ನಿಮ್ಮ ಕುಟುಂಬದ ಗುಂಪಿನಲ್ಲಿ ಹಂಚಿಕೊಳ್ಳಿ, ಮುಖ್ಯವಾಗಿ ಬಡಿಸಲು ಮುಂದೆ ನಿಲ್ಲುವವರಿಗೆ ತಲುಪಿಸಿ. ಎಲ್ಲರಿಗೂ ಒಳ್ಳೆಯದಾಗಲಿ.